ಜೀರಿಗೆ ಗಾತ್ರದ ಹುಳು

"ಒಳಗೆ ತಿಂಡಿ ಇದೆಯಾ?" ಎಂದು ಮ್ಯೂಸಿಯಮ್ಮಿನ ಗೇಟಿನ ಗಾರ್ಡ್ ಅಂಕಲ್ ಕೇಳಿದರು.

"ಇಲ್ಲ."

"ಗರಿ, ಗೂಡು, ಉಣ್ಣೆ, ಚರ್ಮ?"

"ಇಲ್ಲ."

ಮೊದಲನೆಯ ಇಲ್ಲ ಸಲೀಸಾಗಿ ಬಂತು. ಎರಡನೆಯದು ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡು ಕೆಮ್ಮಿನ ಜೊತೆ ಹೊರಗೆ ಬಿತ್ತು.

ಗಾರ್ಡ್ ಅಂಕಲ್ ಸೊನ್ನೆಯ ಬ್ಯಾಗಿಗೆ ಕೈ ಹಾಕಿ ಟಿಫಿನ್ ಡಬ್ಬಿಯನ್ನು ಎತ್ತಿ ನೋಡಿದರು. ಹಗುರವಾಗಿತ್ತು. ಶನಿವಾರ ಸ್ಕೂಲು ಬಿಟ್ಟು ಬಂದ ಮಕ್ಕಳ ಡಬ್ಬಿ ಹಗುರವಾಗಿರದೆ ಇನ್ನೇನು? ಮುಚ್ಚಳ ತೆಗೆಯದೆ ವಾಪಸ್ ಇಟ್ಟರು.

"ಮೇಡಂ ಮನೆ ಮಕ್ಕಳು ಅಂತ ಬಿಡ್ತಾ ಇದ್ದೀನಿ," ಎಂದರು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕೊನೆಗೆ ಗೂಬೆ ಕೂರಿಸೋದು ನನ್ನ ತಲೆ ಮೇಲೇ."

ಗೂಬೆ ಎಂದ ಕೂಡಲೇ ಸೊನ್ನೆ ಬ್ಯಾಗಿನ ಜಿಪ್ ಎಳೆದುಕೊಂಡಳು. ಡಬ್ಬಿಯೊಳಗೆ ಇದ್ದದ್ದು ಊಟವಲ್ಲ, ಒಂದು ತುಂಡು ರೆಕ್ಕೆ. ಅದು ಗೂಬೆಯದೇ ಎಂದು ಅವಳ ಹಟ.

ಸೊನ್ನೆ ಎನ್ನುವುದು ಅವಳ ನಿಜವಾದ ಹೆಸರಲ್ಲ. ಕನ್ನಡಕ ಬಂದ ದಿನ ಅವಳ ತಮ್ಮ ಮುಖ ನೋಡಿ "ಎರಡು ಸೊನ್ನೆ" ಎಂದಿದ್ದ. ಬರಬರುತ್ತಾ ಒಂದು ಸೊನ್ನೆ ಉದುರಿಹೋಗಿ ಒಂದು ಉಳಿಯಿತು. ಅವಳೇನು ಸುಮ್ಮನಿರುತ್ತಾಳೆಯೇ? ಆರು ವರ್ಷದ ತಮ್ಮನಿಗೆ ಮೆಲ್ಲಗೆ ಮಾತಾಡಲು ಬರುವುದೇ ಇಲ್ಲ, ಅದಕ್ಕೆ ಅವನನ್ನು ಪೀಪಿ ಎಂದು ಕರೆದಳು. ಈಗ ಮನೆಮಂದಿಯೆಲ್ಲ ಇಬ್ಬರನ್ನೂ ಹಾಗೇ ಕರೆಯುತ್ತಾರೆ.

ರೆಕ್ಕೆ ಸಿಕ್ಕಿದ್ದು ಸ್ಕೂಲಿನ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ. ಒಣಗಿ ಗರಗರ ಎನ್ನುತ್ತಿತ್ತು. ಕ್ಲಾಸಿನವರೆಲ್ಲ ಅದು ಪಾರಿವಾಳದ್ದು ಎಂದರು. ಸೊನ್ನೆ ಒಪ್ಪಲಿಲ್ಲ. ಪಾರಿವಾಳಕ್ಕೆ ಕಂದು ಬಣ್ಣದ ಪಟ್ಟೆ ಎಲ್ಲಿಂದ ಬರಬೇಕು? ಪ್ರಾಣಿ ಮ್ಯೂಸಿಯಮ್ಮಿನ ಗೂಬೆಯ ಪಕ್ಕ ಹಿಡಿದು ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು ಅವಳ ಲೆಕ್ಕ.

ಆ ಮ್ಯೂಸಿಯಮ್ಮಿನಲ್ಲಿ ಅವಳ ಸ್ವಂತ ಅತ್ತೆ, ಅಂದರೆ ಅಪ್ಪನ ಅಕ್ಕ, ಕೆಲಸ ಮಾಡುತ್ತಾರೆ. ಸತ್ತ ಹಕ್ಕಿಗಳ ಚರ್ಮಕ್ಕೆ ಹತ್ತಿ ತುಂಬಿ, ತಂತಿ ಕೊಟ್ಟು, ಗಾಜಿನ ಕಣ್ಣಿಟ್ಟು, ಈಗಷ್ಟೇ ಕೊಂಬೆಯ ಮೇಲೆ ಬಂದು ಕೂತಂತೆ ಮಾಡುವುದು ಅವರ ಕೆಲಸ. ಅವರನ್ನೇ ಕೇಳಬಹುದಿತ್ತು. ಆದರೆ ಗರಿ ಎಂದರೆ ಸಾಕು, ಅತ್ತೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಹೊರಗಿನ ಗರಿ ಇಲ್ಲಿಗೆ ತರಬೇಡ, ಬೇಡ ಅಂದರೆ ಬೇಡ. ಬಿಸಿಲಲ್ಲಿ ಆಡಬೇಡ, ಕೂತು ಕಾಲು ಅಲ್ಲಾಡಿಸಬೇಡ ಎಂದು ದೊಡ್ಡವರು ಹೇಳುತ್ತಾರಲ್ಲ, ಇದೂ ಹಾಗೇ ಇರಬೇಕು ಎಂದುಕೊಂಡಿದ್ದಳು ಸೊನ್ನೆ.

ಅಷ್ಟರಲ್ಲಿ ಅತ್ತೆಯೇ ಓಡಿಬಂದರು. ಕೂದಲಲ್ಲಿ ಒಂದು ಚೂರು ಹತ್ತಿ ಅಂಟಿಕೊಂಡಿತ್ತು. ಮೂರು ಗಂಟೆಗೆ ಬರುತ್ತೀರಿ ಎಂದುಕೊಂಡಿದ್ದೆ, ಹತ್ತು ನಿಮಿಷ ಮುಂಚೆಯೇ ಬಂದಿರಲ್ಲ ಎಂದರು. ಸ್ಕೂಲಿನಿಂದ ಸೈಕಲ್ ರಿಪೇರಿ ಅಂಗಡಿ, ಜೆರಾಕ್ಸ್ ಅಂಗಡಿ, ಕಾಲುವೆಯ ಸೇತುವೆ ದಾಟಿ ಇಪ್ಪತ್ತು ನಿಮಿಷದ ದಾರಿ. ಸೊನ್ನೆ ಅವಸರ ಮಾಡಿ ಪೀಪಿಯನ್ನು ಹನ್ನೆರಡು ನಿಮಿಷದಲ್ಲಿ ಎಳೆದು ತಂದಿದ್ದಳು. ಅಮ್ಮ ಕೆಲಸದಿಂದ ಬರುವುದು ಆರು ಗಂಟೆಗೆ, ಅಲ್ಲಿಯವರೆಗೆ ಅವರು ಅತ್ತೆಯ ಜೊತೆ.

ಆಫೀಸಿನಿಂದ ಯಾರೋ ಅತ್ತೆಯನ್ನು ಸಹಿಗೆ ಕರೆದರು. ಹತ್ತು ನಿಮಿಷ ಹಕ್ಕಿಗಳನ್ನಿಟ್ಟಿರುವ ದೊಡ್ಡ ಹಾಲ್‌ನಲ್ಲಿ ಇರಿ, ಏನನ್ನೂ ಮುಟ್ಟಬೇಡಿ ಎಂದು ಹೇಳಿ ಅವರು ಹೋದರು.

ಹಕ್ಕಿಗಳ ಹಾಲಿನಲ್ಲಿ ಯಾವಾಗಲೂ ಮಬ್ಬು. ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದು ಕಿಟಕಿಗಳಿಗೆ ದಪ್ಪ ಪರದೆ ಹಾಕಿದ್ದಾರೆ. ನುಸಿಗುಳಿಗೆಯ ವಾಸನೆ. ಎಲ್ಲ ಕಡೆಯಿಂದ ಗಾಜಿನ ಕಣ್ಣುಗಳು. ಎಷ್ಟು ಸಲ ಬಂದರೂ ಸೊನ್ನೆ ಇಲ್ಲಿ ಒಮ್ಮೆ ಹಿಂದೆ ತಿರುಗಿ ನೋಡುತ್ತಾಳೆ.

ಗೂಬೆಯ ಕಪಾಟಿನ ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಪಕ್ಕದಲ್ಲಿ ಒಂದು ಸ್ಟೂಲು, ಅದರ ಮೇಲೆ ಧೂಳು ಒರೆಸುವ ಬ್ರಷ್ಷು. ಹಾಲಿನಲ್ಲಿ ಬೇರೆ ಯಾರೂ ಇರಲಿಲ್ಲ.

ಸೊನ್ನೆ ಡಬ್ಬಿಯಿಂದ ರೆಕ್ಕೆ ತೆಗೆದಳು. ಬಾಗಿಲ ಸಂದಿಯಿಂದ ಕೈ ಒಳಗೆ ತೂರಿಸಿ, ಗೂಬೆಯ ಮಗ್ಗುಲಿಗೆ ಹಿಡಿದಳು. ಪಟ್ಟೆಗೆ ಪಟ್ಟೆ ಕೂಡಿತು. ಇನ್ನಷ್ಟು ಹತ್ತಿರ ಹಿಡಿದಳು. ರೆಕ್ಕೆಯ ಬುಡದಿಂದ ಏನೋ ಪುಡಿ ಉದುರಿತು, ಅವಳು ಲಕ್ಷ್ಯ ಕೊಡಲಿಲ್ಲ.

"ಅಕ್ಕ, ಅತ್ತೆ ಮುಟ್ಟಬೇಡಿ ಅಂದಿದ್ರು," ಎಂದ ಪೀಪಿ. ಹಾಲಿನ ಆ ತುದಿಯವರೆಗೂ ಕೇಳಿಸುವಂತೆ ಎಂದ.

"ನಾನೆಲ್ಲಿ ಮುಟ್ಟಿದೆ? ಇದು ನಂದು," ಎಂದು ಅವಳು ರೆಕ್ಕೆಯನ್ನು ಡಬ್ಬಿಗೆ ತುರುಕಿ ಮುಚ್ಚಳ ಒತ್ತಿದಳು. ಸೋಮವಾರ ಕ್ಲಾಸಿನಲ್ಲಿ ಏನು ಹೇಳಬೇಕು, ಯಾರ ಮುಖ ನೋಡಿ ಹೇಳಬೇಕು ಎಂದು ಯೋಚಿಸುತ್ತಾ ಖುಷಿಪಟ್ಟಳು. ಆ ಖುಷಿ ಕಾಲು ಗಂಟೆ ಇತ್ತು.

ಅತ್ತೆ ಬಂದು ಕಪಾಟಿನ ಬಾಗಿಲಿಗೆ ಬೀಗ ಹಾಕಿದರು. ಇವತ್ತು ನಿಮಗೆ ಹಿಂದಿನ ರೂಮು ತೋರಿಸುತ್ತೇನೆ ಎಂದರು. ಅಲ್ಲಿಗೆ ಅವರು ಮಕ್ಕಳನ್ನು ಇದುವರೆಗೆ ಬಿಟ್ಟಿರಲಿಲ್ಲ. ಉದ್ದನೆಯ ಮೇಜು, ಸೂಜಿದಾರ, ಇಕ್ಕಳ, ಒಂದು ಡಬ್ಬಿಯ ತುಂಬ ಜೋಡಿ ಜೋಡಿ ಕಣ್ಣು, ಮೂಲೆಯಲ್ಲಿ ಮಂಚದಷ್ಟು ಉದ್ದದ ಬಿಳಿ ಫ್ರೀಜರ್. ಪೀಪಿ ಐಸ್‌ಕ್ರೀಂ ಇದೆಯಾ ಎಂದು ಕೇಳಿದ. ಇಲ್ಲ ಎಂದಾಗ ಅಷ್ಟು ದೊಡ್ಡ ಫ್ರೀಜರ್ ಯಾಕೆ ವೇಸ್ಟು ಎಂದ.

ಅತ್ತೆ ಒಂದು ಡ್ರಾಯರ್ ಎಳೆದು ಒಂದು ಮಿಂಚುಳ್ಳಿಯನ್ನು ಹೊರಗಿಟ್ಟರು. ಎದುರಿನಿಂದ ನೋಡಿದರೆ ಚೆಂದದ ನೀಲಿ ಹಕ್ಕಿ. ಅವರು ಅದನ್ನು ಮೆಲ್ಲಗೆ ತಿರುಗಿಸಿದರು. ಬೆನ್ನಿನಲ್ಲಿ ಗರಿಯೇ ಇರಲಿಲ್ಲ. ತೂತು ಬಿದ್ದ ಚರ್ಮ, ಒಳಗೆ ತಂತಿ, ಅಷ್ಟೇ. ಬೆರಳು ತಾಗಿಸಿದ ಕಡೆ ನೀಲಿ ಬಣ್ಣ ಪುಡಿಯಾಗಿ ಉದುರಿತು.

"ಯಾರು ಹೀಗೆ ಮಾಡಿದ್ದು ಅತ್ತೆ?"

ಅತ್ತೆ ಒಂದು ಗಾಜಿನ ಶೀಸೆಯನ್ನೂ ಭೂತಗನ್ನಡಿಯನ್ನೂ ಅವಳ ಕೈಗೆ ಕೊಟ್ಟರು. ಶೀಸೆಯಲ್ಲಿ ಕಂದು ಬಣ್ಣದ ಚಿಕ್ಕ ಚಿಕ್ಕ ಕಾಳುಗಳು. ಭೂತಗನ್ನಡಿಯಲ್ಲಿ ನೋಡಿದರೆ ಅವುಗಳಿಗೆ ಪಟ್ಟೆ, ಮೈಮೇಲೆ ರೋಮ.

"ಹುಳು. ಸತ್ತಿವೆ, ಹೆದರಬೇಡ," ಎಂದರು ಅತ್ತೆ. "ಇವು ತಿನ್ನೋದು ಗರಿ, ರೋಮ, ಚರ್ಮ. ಮುಟ್ಟಿದ್ರೆ ಕದಲೋದಿಲ್ಲ, ಥೇಟ್ ಜೀರಿಗೆ ಕಾಳು."

ಸೊನ್ನೆ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು.

ಬೆಳಿಗ್ಗೆ ಗಣಿತದ ಪೀರಿಯಡ್ಡಿನಲ್ಲಿ ಅವಳು ಡೆಸ್ಕಿನ ಕೆಳಗೆ ಡಬ್ಬಿ ತೆರೆದು ನೋಡಿದ್ದಳು. ಮೂಲೆಯಲ್ಲಿ ಜೀರಿಗೆ ಕಾಳುಗಳಿದ್ದವು. ಟಿಫಿನ್ ಡಬ್ಬಿ ಅಂದ ಮೇಲೆ ಯಾವತ್ತಿನದೋ ಊಟದ ಜೀರಿಗೆ ಇರದೆ ಇರುತ್ತದೆಯೇ? ಬೇಜಾರಿಗೆ ಎಣಿಸಿಯೂ ಇದ್ದಳು. ಐದು.

ಅತ್ತೆ ಹೇಳುತ್ತಲೇ ಇದ್ದರು. ಆರು ವರ್ಷದ ಹಿಂದೆ ಯಾರೋ ತಂದ ಒಂದು ಹಳೆಯ ಗೂಡಿನಿಂದ ಈ ಹುಳು ಒಳಗೆ ಬಂತು. ಹೊರಗಿನಿಂದ ನೋಡಿದರೆ ಹಕ್ಕಿಗಳೆಲ್ಲ ಚೆನ್ನಾಗೇ ಕಾಣುತ್ತಿದ್ದವು. ಹುಳುಗಳು ಒಳಗೊಳಗೇ ತಿಂದು ಮುಗಿಸಿದ್ದವು. ಹನ್ನೊಂದು ಹಕ್ಕಿಗಳನ್ನು ಸುಡಬೇಕಾಯಿತು, ಹಾಲ್ ಒಂದು ವರ್ಷ ಮುಚ್ಚಿತ್ತು. ಇನ್ನೊಮ್ಮೆ ಹೀಗಾದರೆ ಹಕ್ಕಿಗಳನ್ನೆಲ್ಲ ಉಗ್ರಾಣಕ್ಕೆ ಹಾಕಿ ಹಾಲಿಗೆ ಶಾಶ್ವತವಾಗಿ ಬೀಗ ಎಂದು ಮ್ಯೂಸಿಯಮ್ಮಿನ ದೊಡ್ಡ ಸಾಹೇಬರು ಹೇಳಿದ್ದಾರೆ.

"ಆ ಗೂಬೆ ಹೇಗೆ ತಪ್ಪಿಸ್ಕೊಳ್ತೋ ಗೊತ್ತಿಲ್ಲ. ಅದು ನಾನು ಮಾಡಿದ ಮೊದಲ್ನೇ ಹಕ್ಕಿ. ಮೂರು ತಿಂಗಳು ಹಿಡೀತು," ಎಂದರು ಅತ್ತೆ. ಪೀಪಿಯ ತಲೆ ಸವರುತ್ತಾ ನಕ್ಕರು.

ಸೊನ್ನೆ ಬಾತ್‌ರೂಮಿಗೆ ಹೋಗಬೇಕು ಎಂದಳು. ಬ್ಯಾಗು ಯಾಕೆ ಎಂದು ಅತ್ತೆ ಕೇಳುವ ಮೊದಲೇ ಓಡಿದಳು.

ಚಿಲಕ ಹಾಕಿಕೊಂಡು ಡಬ್ಬಿ ತೆರೆದಳು. ರೆಕ್ಕೆಯನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದಳು. ಒಂದು, ಎರಡು, ಮೂರು. ಮೂರನೆಯದು ಅವಳು ನೋಡುತ್ತಿದ್ದಂತೆಯೇ ಮೆಲ್ಲಗೆ ಹರಿಯಿತು. ಡಬ್ಬಿಯ ಮೂಲೆಗಳನ್ನೂ ಸೇರಿಸಿ ಮತ್ತೆ ಎಣಿಸಿದಳು. ಮೂರೇ.

ಐದರಲ್ಲಿ ಮೂರು ಹೋದರೆ ಎರಡು. ಆ ಎರಡು ಎಲ್ಲಿವೆ ಎಂದು ಅವಳಿಗೆ ಗೊತ್ತಿತ್ತು. ಡಬ್ಬಿ ಮುಚ್ಚಿ ಬ್ಯಾಗಿಗೆ ತುರುಕಿದಳು.

ಅವಳು ಹಾಲಿಗೆ ಓಡಿದಳು. ಕಪಾಟಿಗೆ ಬೀಗ. ಗಾಜಿಗೆ ಕನ್ನಡಕ ತಾಗಿಸಿ ನೋಡಿದಳು. ಗೂಬೆಯ ಕಾಲಡಿ ಒಣ ಎಲೆ, ಪಾಚಿ, ತೊಗಟೆ. ಎಲ್ಲವೂ ಕಂದು. ಅದರಲ್ಲಿ ಜೀರಿಗೆಯಷ್ಟು ಹುಳು ಹುಡುಕುವುದು ಹೇಗೆ? ಗೂಬೆ ಅವಳನ್ನೇ ದಿಟ್ಟಿಸುತ್ತಿತ್ತು. ಅದರ ಎದೆಯ ಗರಿಯೊಳಗೆ ಏನೋ ಕದಲಿದಂತಾಯಿತು. ಅವಳು ಹಿಂದಕ್ಕೆ ನೆಗೆದಳು. ಏನೂ ಇರಲಿಲ್ಲ. ಇರಲಿಲ್ಲವೋ, ಇತ್ತೋ.

"ಅಕ್ಕ, ಏನ್ ಹುಡುಕ್ತಿದ್ದೀಯ?" ಪೀಪಿ ಹಿಂದೆಯೇ ಬಂದಿದ್ದ.

"ಏನಿಲ್ಲ. ಮೆಲ್ಲಗೆ ಮಾತಾಡು."

"ಮೆಲ್ಲಗೇ ಮಾತಾಡ್ತಿದ್ದೀನಿ," ಎಂದು ಅವನು ಕೂಗಿದ.

ಐದು ಗಂಟೆಗೆ ಮುಚ್ಚುವ ಗಂಟೆ ಹೊಡೆಯಿತು. ಗಾರ್ಡ್ ಅಂಕಲ್ ಒಂದೊಂದೇ ದೀಪ ಆರಿಸುತ್ತಾ ಬಂದರು. ಅತ್ತೆ ಕೈಚೀಲ ಹೆಗಲಿಗೇರಿಸಿಕೊಂಡು ನಡೆಯಿರಿ ಎಂದರು. ನಾಳೆ ಭಾನುವಾರ, ರಜೆ ಬೇರೆ.

ಬೀದಿಯಲ್ಲಿ ಸೊನ್ನೆ ಬ್ಯಾಗನ್ನು ಎದೆಗೆ ಅವುಚಿಕೊಂಡು ನಡೆದಳು. ಹುಳುಗಳು ಡಬ್ಬಿಯಿಂದ ಬ್ಯಾಗಿಗೆ, ಬ್ಯಾಗಿನಿಂದ ತನ್ನ ಅಂಗಿಗೆ ಹರಿಯುತ್ತಿವೆ ಎನಿಸಿ ಕುತ್ತಿಗೆಯೆಲ್ಲ ತುರಿಸಿತು. ಹೇಳಿದರೆ ಅತ್ತೆ ಏನೆನ್ನುತ್ತಾರೆ? ಇನ್ನು ಮೇಲೆ ಬರಲೇಬೇಡ ಎನ್ನುತ್ತಾರೆ. ಅಪ್ಪನಿಗೆ ಹೇಳುತ್ತಾರೆ. ಸುಳ್ಳು ಹೇಳಿ ಒಳಗೆ ಹೋದವಳು ಎಂದು ಗಾರ್ಡ್ ಅಂಕಲ್‌ಗೂ ಗೊತ್ತಾಗುತ್ತದೆ. ಹೇಳದಿದ್ದರೆ? ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಗೂಬೆಯನ್ನು ತಿರುಗಿಸಿ ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಸೇತುವೆಯ ಮೇಲೆ ಪೀಪಿಯ ಶೂ ಲೇಸು ಬಿಚ್ಚಿತು. ಅತ್ತೆ ಬಗ್ಗಿ ಕಟ್ಟತೊಡಗಿದರು.

ಸೊನ್ನೆ ಡಬ್ಬಿ ತೆಗೆದು ಸೇತುವೆಯ ಕಟ್ಟೆಯ ಮೇಲಿಟ್ಟಳು. ಕೆಳಗೆ ಕಾಲುವೆಯ ಕಪ್ಪು ನೀರು. ಒಂದು ಬೆರಳಿನಿಂದ ನೂಕಿದರೆ ಸಾಕು, ಡಬ್ಬಿಯೂ ಇಲ್ಲ, ರೆಕ್ಕೆಯೂ ಇಲ್ಲ, ಅವಳೇನೂ ತಂದಿರಲೇ ಇಲ್ಲ. ಬೆರಳು ಡಬ್ಬಿಗೆ ತಾಗಿತು.

ಆದರೆ ನೀರಿಗೆ ಬೀಳುವುದು ಮೂರು ಹುಳು. ಇನ್ನೆರಡು ಅಲ್ಲಿಯೇ ಇರುತ್ತವೆ, ಕತ್ತಲೆಯ ಹಾಲಿನಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ.

"ಬ್ಯಾಗ್ ಭಾರ ಆಯ್ತಾ? ಕೊಡು, ನಾನು ಹಿಡ್ಕೋತೀನಿ," ಎಂದು ಅತ್ತೆ ಎದ್ದು ನಿಂತರು.

ಸೊನ್ನೆ ಡಬ್ಬಿಯನ್ನು ಚಾಚಿದಳು. ಮಾತಿಗಿಂತ ಮೊದಲು ಅಳು ಬಂತು. ಅಳುತ್ತಲೇ ಟೆರೇಸು, ಟಿಫಿನ್ ಡಬ್ಬಿ, ಜೀರಿಗೆ, ತೆರೆದ ಬಾಗಿಲು, ಐದರಲ್ಲಿ ಮೂರು, ಎಲ್ಲವನ್ನೂ ಹೇಳಿದಳು. ಯಾವುದನ್ನೂ ಬಿಡಲಿಲ್ಲ. ಬಿಟ್ಟದ್ದನ್ನು ಪೀಪಿ ಸೇರಿಸಿದ.

ಅತ್ತೆ ಬಯ್ಯಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಅದು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು. ಡಬ್ಬಿಯನ್ನು ಕೈಚೀಲದಲ್ಲಿದ್ದ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟಿದರು. ಅಮ್ಮನಿಗೆ ಫೋನು ಮಾಡಿ ತಡವಾಗುತ್ತದೆ ಎಂದಷ್ಟೇ ಹೇಳಿದರು. ಆಮೇಲೆ ಒಂದು ಕೈಯಲ್ಲಿ ಸೊನ್ನೆಯನ್ನೂ ಇನ್ನೊಂದರಲ್ಲಿ ಪೀಪಿಯನ್ನೂ ಹಿಡಿದು ಬಂದ ದಾರಿಯಲ್ಲೇ ವಾಪಸ್ ನಡೆದರು. ನಡೆದರು ಎಂದೆ, ಓಡಿದರು.

ಗಾರ್ಡ್ ಅಂಕಲ್ ಗೇಟು ಹಾಕಿ ಟೀ ಕುಡಿಯುತ್ತಿದ್ದರು. ವಿಷಯ ಕೇಳಿ ಸೊನ್ನೆಯ ಕಡೆ ಒಮ್ಮೆ ನೋಡಿದರು. ಅವಳು ನೆಲ ನೋಡಿದಳು.

"ಸೋಮವಾರ ನೋಡಿದ್ರಾಯ್ತು ಬಿಡಿ ಮೇಡಂ. ಎರಡು ಹುಳು ಎಲ್ಲಿ ಓಡಿ ಹೋಗ್ತವೆ?"

"ಓಡಿ ಹೋಗೋದಿಲ್ಲ ಅಣ್ಣ. ಒಳಗೆ ಹೋಗ್ತವೆ," ಎಂದರು ಅತ್ತೆ.

ಹಾಲಿನಲ್ಲಿ ಒಂದೇ ದೀಪ ಹತ್ತಿಸಿದರು. ಅತ್ತೆ ಕಪಾಟಿನ ಬೀಗ ತೆಗೆದು, ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಇಕ್ಕಳ ಹಿಡಿದು ಮಂಡಿಯೂರಿ ಕೂತರು. ಟಾರ್ಚಿನ ಬೆಳಕು ಒಂದು ಕಡೆ ನಿಲ್ಲಲಿಲ್ಲ. ಎಲೆಯ ಮೇಲೆ, ಗಾಜಿನ ಮೇಲೆ, ಗೂಬೆಯ ಕಣ್ಣಿನ ಮೇಲೆ ಕುಣಿಯಿತು.

ಅತ್ತೆಯ ಕೈ ನಡುಗುತ್ತಿದೆ ಎಂದು ಸೊನ್ನೆಗೆ ಆಗ ಗೊತ್ತಾಯಿತು. ದೊಡ್ಡವರಿಗೂ ಹೀಗೆ ಕೈ ನಡುಗುತ್ತದೆ ಎಂದು ಅವಳು ಎಣಿಸಿರಲಿಲ್ಲ.

"ಟಾರ್ಚ್ ನಾನು ಹಿಡೀತೀನಿ," ಎಂದಳು.

ಅತ್ತೆ ಕೊಟ್ಟರು. ಸೊನ್ನೆ ಎರಡೂ ಕೈಯಲ್ಲಿ ಹಿಡಿದು, ಮೊಣಕೈಯನ್ನು ಸ್ಟೂಲಿಗೆ ಊರಿ, ಬೆಳಕನ್ನು ಅಲ್ಲಾಡದಂತೆ ನಿಲ್ಲಿಸಿದಳು. ಅತ್ತೆ ಒಂದೊಂದೇ ಎಲೆ ಎತ್ತಿ ಬಿಳಿ ಕಾಗದದ ಮೇಲೆ ತಟ್ಟಿದರು. ಎಷ್ಟು ಹೊತ್ತೋ. ಪೀಪಿ ಎಲೆಗಳನ್ನು ಬೆರಳಲ್ಲಿ ಎಣಿಸಿದ. ಹದಿನೇಳನೆಯ ಎಲೆಯಿಂದ ಒಂದು ಜೀರಿಗೆ ಬಿತ್ತು. ಅದು ಕದಲಿತು.

"ನಾಲ್ಕು," ಎಂದಳು ಸೊನ್ನೆ.

ಐದನೆಯದು ಸಿಗಲಿಲ್ಲ. ಎಲೆಗಳೆಲ್ಲ ಮುಗಿದವು, ಪಾಚಿ ಮುಗಿಯಿತು. ಅತ್ತೆ ಗೂಬೆಯನ್ನು ಕೊಂಬೆಯ ಸಮೇತ ಎತ್ತಿದರು. ಕೆಳಗೆ ಬಿಳಿ ಕಾಗದ ಹಾಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಟುಪಟ್ಟಿ ಹಾಕಿ, ಹಿಂದಿನ ರೂಮಿನ ಫ್ರೀಜರಿನಲ್ಲಿ ಮಲಗಿಸಿದರು. ಎರಡು ವಾರ ಆ ಚಳಿಯಲ್ಲಿದ್ದರೆ ಯಾವ ಹುಳುವೂ ಬದುಕುವುದಿಲ್ಲವಂತೆ. ಆದರೆ ಐದನೆಯ ಹುಳು ಗೂಬೆಯ ಗರಿಯೊಳಗೇ ಇರಬೇಕು. ಬೇರೆ ಕಪಾಟಿಗೆ ಹೋಗಿದ್ದರೆ ದೇವರೇ ಗತಿ. ಅದಕ್ಕಾಗಿ ಎಲ್ಲ ಕಪಾಟುಗಳ ಮೂಲೆಗೂ, ಹುಳು ಹರಿದರೆ ಸಿಕ್ಕಿಬೀಳುವ ಅಂಟಿನ ಕಾರ್ಡು ಇಟ್ಟರು.

ಕೊನೆಗೆ ಟಿಫಿನ್ ಡಬ್ಬಿಯ ಸರದಿ. ಅದನ್ನು ಫ್ರೀಜರಿಗೆ ಹಾಕುವ ಮೊದಲು ಅತ್ತೆ ರೆಕ್ಕೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರು. ಮುಂದಿನ ಗರಿಯ ಅಂಚಿನಲ್ಲಿ ಸಣ್ಣ ಬಾಚಣಿಗೆಯಂಥ ಹಲ್ಲುಗಳು. ಅದರಿಂದಲೇ ಗೂಬೆ ಹಾರುವಾಗ ಸದ್ದಾಗುವುದಿಲ್ಲ ಎಂದರು.

"ನೀನು ಹೇಳಿದ್ದು ಸರಿ. ಇದು ಗೂಬೇದೇ."

ಸೊನ್ನೆಗೆ ಖುಷಿಯಾಗಲಿಲ್ಲ.

ಅತ್ತೆ ದಪ್ಪ ರಿಜಿಸ್ಟರ್ ತೆರೆದು ಬರೆಯತೊಡಗಿದರು. ಸೋಮವಾರ ದೊಡ್ಡ ಸಾಹೇಬರು ಅದನ್ನು ಓದುತ್ತಾರೆ. ಸೊನ್ನೆ ಪಕ್ಕದಲ್ಲಿ ನಿಂತು ಓದಿದಳು. ಮೊದಲ ಸಾಲಿನಲ್ಲಿ, ಗೂಬೆಯ ಕಪಾಟಿನ ಬಾಗಿಲನ್ನು ತೆರೆದು ಬಿಟ್ಟು ಹೋದವಳು ನಾನು ಎಂದು ಬರೆದು ಅತ್ತೆ ಸಹಿ ಹಾಕಿದ್ದರು.

"ಅದು ನಿಮ್ಮ ತಪ್ಪಲ್ಲ ಅತ್ತೆ."

"ನೀವು ಬಂದ್ರಿ ಅಂತ ಕೇಳಿದ ಕೂಡ್ಲೇ ಎಲ್ಲಾ ಬಿಟ್ಟು ಗೇಟಿಗೆ ಓಡಿದೆ," ಎಂದರು ಅತ್ತೆ. "ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ಬೀಗ ಮರೆತಿರಲಿಲ್ಲ."

ಅವರು ಎರಡನೆಯ ಸಾಲಿಗೆ ಪೆನ್ನು ತಂದು ನಿಲ್ಲಿಸಿದರು. ಹೊರಗಿನ ರೆಕ್ಕೆ ತಂದವರು ಎಂದು ಬರೆದು ಪೆನ್ನು ಎತ್ತಿ ಸೊನ್ನೆಯನ್ನು ನೋಡಿದರು.

"ನನ್ನ ಹೆಸರು ಬರೀರಿ," ಎಂದಳು ಸೊನ್ನೆ. "ಸೊನ್ನೆ ಅಂತ ಅಲ್ಲ. ಸ್ಕೂಲಲ್ಲಿರೋ ಹೆಸರು."

ಸೋಮವಾರ ದೊಡ್ಡ ಸಾಹೇಬರು ರಿಜಿಸ್ಟರ್ ಓದಿದರಂತೆ. ಎರಡು ವಾರ ಕಳೆಯಲಿ, ಆಮೇಲೆ ಹಾಲಿನ ವಿಷಯ ತೀರ್ಮಾನ ಎಂದರಂತೆ. ಆ ಎರಡು ವಾರ ಸೊನ್ನೆ ಊಟದಲ್ಲಿ ಜೀರಿಗೆ ಕಂಡರೆ ತಟ್ಟೆಯ ಅಂಚಿಗೆ ಆಯ್ದಿಡುತ್ತಿದ್ದಳು. ದಿನಾ ಸಂಜೆ ಅತ್ತೆಗೆ ಫೋನು ಮಾಡಿ ಕಾರ್ಡಿಗೆ ಏನಾದರೂ ಅಂಟಿತಾ ಎಂದು ಕೇಳುತ್ತಿದ್ದಳು. ಇಲ್ಲ ಎಂದರೂ ಭಯ ಪೂರ್ತಿ ಹೋಗುತ್ತಿರಲಿಲ್ಲ. ಕ್ಲಾಸಿನಲ್ಲಿ ಪಾರಿವಾಳದ ಮಾತು ಬಂದಾಗ ಅವಳು ವಾದಿಸಲೂ ಇಲ್ಲ.

ಎರಡು ವಾರದ ಮೇಲಿನ ಶನಿವಾರ ಅವಳು ಪೀಪಿಯ ಕೈ ಹಿಡಿದು ಗೇಟಿಗೆ ಬಂದಳು. ಇವತ್ತು ಫ್ರೀಜರ್ ತೆಗೆಯುವ ದಿನ. ಗಾರ್ಡ್ ಅಂಕಲ್ ಕೇಳುವ ಮೊದಲೇ ಬ್ಯಾಗನ್ನು ಬೆಂಚಿನ ಮೇಲೆ ಬೋರಲು ಹಾಕಿದಳು. ಪುಸ್ತಕ, ಕಂಪಾಸ್ ಬಾಕ್ಸು, ಹೊಸ ಟಿಫಿನ್ ಡಬ್ಬಿ. ಡಬ್ಬಿಯ ಮುಚ್ಚಳವನ್ನೂ ತೆಗೆದು ತೋರಿಸಿದಳು. ಗಾರ್ಡ್ ಅಂಕಲ್ ತಲೆಯಾಡಿಸಿದರು.

ಅಷ್ಟರಲ್ಲಿ ಪೀಪಿ ಒಂದು ಕೈಯನ್ನು ಜೇಬಿನೊಳಗೆ ಇನ್ನಷ್ಟು ಆಳಕ್ಕೆ ಇಳಿಸಿದ್ದನ್ನು ಅವಳು ಕಂಡಳು.

"ಏನದು?"

"ಏನಿಲ್ಲ," ಎಂದ ಪೀಪಿ. ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ.

ಜೇಬಿನಿಂದ ಬಂದದ್ದು ಒಂದು ಪಾರಿವಾಳದ ಗರಿ. ಬೂದು ಬಣ್ಣದ್ದು, ಚೆಂದದ್ದು. ಅತ್ತೆಗೆ ಕೊಡಲು ತಂದಿದ್ದನಂತೆ.

ಬೇಡ ಅಂದರೆ ಬೇಡ ಎನ್ನುವ ಮಾತು ಸೊನ್ನೆಯ ನಾಲಿಗೆಯ ತುದಿಯವರೆಗೆ ಬಂತು. ಅವಳು ಅದನ್ನು ನುಂಗಿಕೊಂಡಳು. ಬೆಂಚಿನ ಪಕ್ಕ ಅವನೆದುರು ಮಂಡಿಯೂರಿ ಕೂತು, ಆ ಗರಿಯ ಬುಡವನ್ನು ತೋರಿಸಿ, ಅಲ್ಲಿ ಏನು ಇರಬಹುದು, ಒಳಗೆ ಹೋದರೆ ಅದು ಏನು ಮಾಡುತ್ತದೆ, ಮಿಂಚುಳ್ಳಿಯ ಬೆನ್ನು ಯಾಕೆ ಹಾಗಾಯಿತು ಎಂದು ಮೊದಲಿನಿಂದ ಹೇಳಿದಳು. ಸಮಯ ಹಿಡಿಯಿತು. ಪೀಪಿ ನಡುವೆ ನಡುವೆ ಪ್ರಶ್ನೆ ಕೇಳಿದ. ಎಲ್ಲಕ್ಕೂ ಉತ್ತರ ಕೊಟ್ಟಳು. ಗೊತ್ತಿಲ್ಲದ್ದಕ್ಕೆ ಅತ್ತೆಯನ್ನು ಕೇಳೋಣ ಎಂದಳು.

"ನೀನು ಯಾಕೆ ಮುಂಚೆನೇ ಅತ್ತೆನ ಕೇಳಿರಲಿಲ್ಲ?" ಎಂದ ಪೀಪಿ.

ಸೊನ್ನೆ ಎದ್ದು ಪುಸ್ತಕಗಳನ್ನು ಬ್ಯಾಗಿಗೆ ತುಂಬತೊಡಗಿದಳು.

ಅವನು ಗರಿಯನ್ನು ಗೇಟಿನ ಹೊರಗೆ ಒಯ್ದು ಒಂದು ಕಲ್ಲಿನ ಕೆಳಗಿಟ್ಟು ಬಂದ. ತಿರುಗಿ ನೋಡಿದರೆ ಅತ್ತೆ ಮೆಟ್ಟಿಲಿಳಿದು ಬರುತ್ತಿದ್ದರು. ಓಡುತ್ತಿರಲಿಲ್ಲ. ಹಾಲಿನ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಆಮೇಲೆ ಹೊರಟಿದ್ದರು. ಕೈಯಲ್ಲಿ ಗೂಬೆಯ ಕೆಳಗೆ ಹಾಸಿದ್ದ ಬಿಳಿ ಕಾಗದ, ಮಡಚಿದ್ದು.

ಸೊನ್ನೆ ಪೀಪಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅತ್ತೆ ಕಾಗದವನ್ನು ಬೆಂಚಿನ ಮೇಲಿಟ್ಟು ಮೆಲ್ಲಗೆ ಬಿಚ್ಚಿದರು. ನಟ್ಟನಡುವೆ, ಕಂದು ಬಣ್ಣದ, ಕದಲದ ಒಂದೇ ಒಂದು ಜೀರಿಗೆ.

"ಐದು," ಎಂದು ಪೀಪಿ ಇಡೀ ಬೀದಿಗೆ ಕೇಳುವಂತೆ ಕೂಗಿದ.

ಅವನನ್ನು ಯಾರೂ ಸುಮ್ಮನಿರು ಎನ್ನಲಿಲ್ಲ.